ಜಾಕ್ ಪಿನ್ನಿಗೆ ಹುಣಸೆಹಣ್ಣು

ಹಿತ್ತಾಳೆಗೆ ಹುಣಸೆಹಣ್ಣು ಹಚ್ಚಿ ತಿಕ್ಕುವಾಗ ಏಳುವ ವಾಸನೆ ಇದೆಯಲ್ಲ, ಅರ್ಧ ಹುಳಿ ಅರ್ಧ ಲೋಹ, ಅದು ಮೂಗಿಗೆ ಬಡಿದರೆ ಸಾಕು, ಯಶೋದಮ್ಮನವರಿಗೆ ಮಲ್ಲತ್ತಹಳ್ಳಿಯ ಕೆರೆ ಕಣ್ಣಿಗೆ ಕಟ್ಟುತ್ತಿತ್ತು. ಹಬ್ಬದ ಹಿಂದಿನ ದಿನ ಅವರಮ್ಮ ಚೊಂಬು, ಕೊಳಗ, ದೀಪದ ಕಂಬಗಳನ್ನು ಬುಟ್ಟಿಯಲ್ಲಿ ಹೊತ್ತು ಕೆರೆಗೆ ಹೊರಟರೆ, ಪುಟ್ಟ ಯಶೋದೆ ಹುಣಸೆಹಣ್ಣಿನ ಉಂಡೆ, ಒಲೆಬೂದಿ ಹಿಡಿದುಕೊಂಡು ಹಿಂದೆ ಹಿಂದೆ. ತಿಕ್ಕಿದ ಚೊಂಬಿನಲ್ಲಿ ಮುಖ ಕಾಣಬೇಕು. ಕಾಣದಿದ್ದರೆ ಮತ್ತೆ ತಿಕ್ಕಬೇಕು. ಹಿತ್ತಾಳೆ ಅಂದರೆ ಹುಣಸೆಹಣ್ಣು. ಅದರಲ್ಲಿ ಎರಡನೇ ಮಾತೇ ಇರಲಿಲ್ಲ.

ಎಂಬತ್ತೇಳನೇ ಇಸವಿಯ ಆಯುಧಪೂಜೆಯ ಹಿಂದಿನ ದಿನವೂ ಅವರು ವಿಜಯನಗರದ ಮನೆಯ ಹಿತ್ತಲಲ್ಲಿ, ಒಗೆಯುವ ಕಲ್ಲಿನ ಪಕ್ಕ, ಅದೇ ಉಂಡೆ ಹಿಡಿದು ಕೂತರು. ಆದರೆ ಈ ಸಲ ಮುಂದಿದ್ದದ್ದು ಚೊಂಬಲ್ಲ, ಮೈಕಿನ ವೈರುಗಳು. ಮನೆಯ ಮುಂದಿನ ಕೋಣೆಯೇ 'ಶ್ರೀ ಮುನೇಶ್ವರ ಮೈಕ್ ಸೆಟ್' ಅಂಗಡಿ. ಯಜಮಾನರು ಮುನಿರಾಮಯ್ಯ ಎರಡು ತಗಡಿನ ಹಾರನ್ ಸ್ಪೀಕರು, ಒಂದು ಆಂಪ್ಲಿಫೈಯರ್ ಇಟ್ಟುಕೊಂಡು ಶುರು ಮಾಡಿದ ಕಸುಬು. ಮದುವೆಯೋ, ನಾಮಕರಣವೋ, ಗಣೇಶನೋ, ಸುತ್ತಮುತ್ತಲಿನ ಬೀದಿಗಳ ಸಂಭ್ರಮವೆಲ್ಲ ಇವರ ಹಾರನ್ನಿನ ಬಾಯಿಂದಲೇ ಹೊರಗೆ ಬರಬೇಕು. ಮಗ ಪುರುಷೋತ್ತಮ ಕೈಜೋಡಿಸಿದ ಮೇಲೆ ನಾಲ್ಕಾರು ಮೈಕುಗಳನ್ನು ಒಟ್ಟಿಗೆ ಕೂಡಿಸುವ ಮಿಕ್ಸರ್ ಬಂದಿತ್ತು. ಅದರ ಬೆನ್ನಿಗೇ ಎಸ್.ಪಿ. ರಸ್ತೆಯ ರೇಡಿಯೋ ಅಂಗಡಿಯಿಂದ ಒಂದು ಹೆಡ್‌ಫೋನೂ ಬಂದಿತ್ತು. ಕಪ್ಪು ಬಟ್ಟಲುಗಳು, ಮೆತ್ತನೆಯ ಸ್ಪಂಜು, ಸುರುಳಿ ಸುರುಳಿ ವೈರು.

"ಅದನ್ನ ಹಾಕ್ಕೊಂಡ್ರೆ ಜಟಕಾ ಕುದುರೆ ಥರ ಕಾಣ್ತೀಯ ಕಣೋ," ಅಂದಿದ್ದರು ಮುನಿರಾಮಯ್ಯ.

"ಜನಕ್ಕೆ ಹೋಗೋ ಸದ್ದು ಮೊದ್ಲು ನಮ್ ಕಿವಿಗೆ ಬೀಳ್ಬೇಕಪ್ಪಾ. ಎಲ್ಲಿ ಕರಕರ ಅಂತಿದೆ ಅಂತ ಆಗ ಗೊತ್ತಾಗುತ್ತೆ."

"ಇಷ್ಟು ವರ್ಷ ನಾನು ಬರೀ ಕಿವೀಲೇ ಕೇಳ್ದೆ. ನನ್ ಸೆಟ್ಟು ಒಂದಿನಾನೂ ಕರಕರ ಅಂದಿಲ್ಲ."

ಸೊಸೆ ಜಗದಾಂಬಾ ದಸರೆಗೆಂದು ಕೆಂಗೇರಿಯ ತವರಿಗೆ ಹೋಗಿದ್ದಳು. ಹಾಗಾಗಿ ಯಶೋದಮ್ಮ ಒಬ್ಬರೇ ಕೂತು ಪ್ರತಿ ವೈರಿನ ತುದಿಯ ಜಾಕ್ ಪಿನ್ನನ್ನೂ ತಿಕ್ಕಿದರು. ಬೆರಳಿನಷ್ಟುದ್ದದ ಪಿನ್ನುಗಳು, ಮೇಲಿನ ಬಿಳಿ ಮೆರುಗು ಸವೆದು ಒಳಗಿನ ಹಿತ್ತಾಳೆ ಕಾಣುತ್ತಿತ್ತು. ಹೊಸ ಹೆಡ್‌ಫೋನಿಗೆ ಭೇದ ಮಾಡಬಾರದೆಂದು ಅದರ ಪಿನ್ನಿಗೂ ಬೂದಿ ಹಾಕಿ ತಿಕ್ಕಿದರು. ಸ್ಪಂಜಿಗೆ ಮಗನ ತಲೆಯ ಕೊಬ್ಬರಿ ಎಣ್ಣೆ ಮೆತ್ತಿಕೊಂಡಿತ್ತು. ಅದನ್ನು ಬಿಚ್ಚಿ, ಸೀಗೆಪುಡಿಯಲ್ಲಿ ಕಿವುಚಿ ನೆರಳಲ್ಲಿ ಒಣಗಿಸಿದರು. ಸಂಜೆ ಅವನ್ನೆಲ್ಲ ಸಾಲಾಗಿ ಜೋಡಿಸಿದಾಗ ಮುನಿರಾಮಯ್ಯನವರ ಮುಖ ಅರಳಿತು.

"ನೋಡ್ದೇನೋ, ನಿಮ್ಮಮ್ಮ ಚಿನ್ನ ಮಾಡಿಕ್ಕವ್ಳೆ," ಅಂದರು ಮಗನಿಗೆ.

ಮರುದಿನ ಪೂಜೆ ಅವರದೇ. ಹಾರನ್ನಿಗೆ ಮೂರು ಬೆರಳ ವಿಭೂತಿ, ಆಂಪ್ಲಿಫೈಯರಿಗೆ ಸೇವಂತಿಗೆ ಹಾರ. ಪಿನ್ನು, ಸಾಕೆಟ್ಟು ಒಂದನ್ನೂ ಬಿಡದೆ ಅರಿಶಿನ ಕುಂಕುಮದ ಬೊಟ್ಟು. ಒಂದು ಸಾಕೆಟ್ಟು ತಪ್ಪಿಹೋದರೆ ಅದಕ್ಕೆ ಬೇಜಾರಾಗುತ್ತದೆ ಎಂಬಂತೆ ಬಗ್ಗಿ ಬಗ್ಗಿ ಇಟ್ಟರು. ವರ್ಷ ವರ್ಷವೂ ಹೀಗೇ ಇಡುತ್ತಿದ್ದರು.

ಮೊದಲ ಎರಡು ವಾರ ಎಲ್ಲ ಚೆನ್ನಾಗಿಯೇ ಇತ್ತು. ಆಮೇಲೆ ಮಳೆ ಹಿಡಿಯಿತು. ಸಾಮಾನೆಲ್ಲ ಪೆಟ್ಟಿಗೆಯಲ್ಲಿ ತಣ್ಣಗೆ ಕೂತಿತ್ತು. ದೀಪಾವಳಿ ಕಳೆದ ಮೇಲೆ ಬಾಪೂಜಿ ನಗರದಲ್ಲೊಂದು ನಾಮಕರಣ. ಅಲ್ಲಿ ಮೈಕು ಬಾಣಲೆಗೆ ಸಾಸಿವೆ ಬಿದ್ದಂತೆ ಚಟಪಟ ಅನ್ನತೊಡಗಿತು. ತೊಟ್ಟಿಲಲ್ಲಿದ್ದ ಮಗು ಬೆಚ್ಚಿ ಅತ್ತಿತು. ಅಜ್ಜಿಯೊಬ್ಬರು ಎದ್ದು ಬಂದು, "ಅಪ್ಪಾ, ಪುಣ್ಯ ಬರ್ತದೆ, ಅದನ್ನ ಆಫ್ ಮಾಡಿ," ಅಂದರು.

ಆ ರಾತ್ರಿ ಊಟಕ್ಕೆ ಕೂತಾಗ ಯಾರೂ ಮುದ್ದೆ ಮುರಿಯಲಿಲ್ಲ. ಜಗದಾಂಬಾ ಬಸ್ಸಾರು ಬಡಿಸುತ್ತಾ ಒಬ್ಬರ ಮುಖ ಒಬ್ಬರು ನೋಡದ ಅಪ್ಪ ಮಗನನ್ನು ನೋಡಿದಳು.

"ಸೆಟ್ಟಲ್ಲಿ ಏನೂ ಇಲ್ಲ," ಅಂದರು ಮುನಿರಾಮಯ್ಯ. "ಕರೆಂಟ್ ಸರಿಯಿರ್ಲಿಲ್ಲ."

"ಕರೆಂಟಲ್ಲಪ್ಪಾ. ಇಡೀ ಬೀದಿ ಕಿವಿ ಮುಚ್ಕೊಂಡಿತ್ತು."

"ನಾನೂ ಅಲ್ಲೇ ಇದ್ನಲ್ಲೋ. ನಂಗೇನೂ ಕೇಳ್ಲಿಲ್ಲ."

"ಅದೇ ಹೇಳ್ತಿರೋದು, ನಿಮಗೆ ಕೇಳ್ಲಿಲ್ಲ."

ಯಶೋದಮ್ಮ ತಟ್ಟನೆ, "ಸಾರು ಆರೋಗ್ತದೆ, ತಿನ್ನಿ," ಅಂದರು. ಮುನಿರಾಮಯ್ಯ ತಿನ್ನಲಿಲ್ಲ. ತಟ್ಟೆಯಲ್ಲೇ ಕೈ ತೊಳೆದು ಎದ್ದರು. ಹಾರನ್ನುಗಳ ಪಕ್ಕದಲ್ಲೇ ನಿಂತು ಕಳೆದ ಆಯಸ್ಸು ಅದು. ಬಾಗಿಲು ಬಡಿದರೆ, ಹಾಲಿನವನು ಕೂಗಿದರೆ ಅವರಿಗೆ ತಿಳಿಯುತ್ತಿರಲಿಲ್ಲ. ಅದು ಯಶೋದಮ್ಮನವರಿಗೆ ಗೊತ್ತಿತ್ತು. ಗಂಡನಿಗೆ ಗೊತ್ತಾಗದಂತೆ ಬಾಗಿಲ ಕಡೆ ಅವರೇ ಮೊದಲು ಏಳುತ್ತಿದ್ದರು.

ಎರಡು ದಿನ ಬಿಟ್ಟು ಚಂದ್ರಾ ಲೇಔಟಿನ ಕನ್ನಡ ಸಂಘದ ಕಾರ್ಯದರ್ಶಿ ರೇವಣಸಿದ್ದಪ್ಪ ಬಂದರು. ಸಂಘ ಹುಟ್ಟಿದಾಗಿನಿಂದ ಅವರ ರಾಜ್ಯೋತ್ಸವಕ್ಕೆ ಮುನೇಶ್ವರ ಮೈಕ್ ಸೆಟ್ಟೇ. ಕಾಫಿ ಲೋಟ ಕೈಗೆ ಬಂದ ಮೇಲೂ ಅವರು ಕುಡಿಯಲಿಲ್ಲ.

"ಮುನಿರಾಮಣ್ಣ, ತಪ್ಪು ತಿಳ್ಕೋಬೇಡಿ. ಬಾಪೂಜಿ ನಗರದ ಕಥೆ ನಮ್ ಕಮಿಟಿಗೂ ಮುಟ್ಟಿದೆ. ಈ ಸಲ ಆರ್ಕೆಸ್ಟ್ರಾ ಬೇರೆ ಇದೆ. ರಾಜಾಜಿನಗರದವರ ಸೆಟ್ಟು ವ್ಯಾನಲ್ಲಿ ತಂದು ಮೈದಾನದ ಪಕ್ಕ ನಿಲ್ಲಿಸ್ತೀವಿ. ಒಂದ್ಸಲ ಕರಕರ ಅಂದ್ರೂ ನಿಮ್ಮದು ಬಿಚ್ಚಿಸಿ ಅವರದು ಹಾಕಿಸ್ತೀವಿ."

"ನಡುವೆ ಬಿಚ್ಚಿಸ್ತೀರಾ? ಅಷ್ಟು ಜನದ ಮುಂದೆ?"

"ನಾನೇನ್ ಮಾಡ್ಲಿ ಅಣ್ಣ, ಕಮಿಟಿ ತೀರ್ಮಾನ."

ಅವರು ಹೋದ ಮೇಲೆ ಮುನಿರಾಮಯ್ಯ ಬಾಗಿಲ ಮೇಲಿನ ಬೋರ್ಡನ್ನೇ ನೋಡುತ್ತಾ ನಿಂತರು. "ಹಂಗೇನಾದ್ರೂ ಆದ್ರೆ ಮಾರನೇ ದಿನವೇ ಇದನ್ನ ಇಳಿಸಿಬಿಡ್ತೀನಿ ಕಣೇ. ಸಾಮಾನೆಲ್ಲ ಗುಜರಿಗೆ," ಅಂದರು. ಅದು ಬೆದರಿಕೆಯ ದನಿಯಲ್ಲ.

ಶುಕ್ರವಾರ ಬೆಳಿಗ್ಗೆ ಗಂಡಸರಿಬ್ಬರೂ ಮೈದಾನಕ್ಕೆ ಕಂಬ ನೆಡುವ ಜಾಗ ನೋಡಲು ಹೋಗಿದ್ದರು, ಬೇರೆ ಬೇರೆ ಸೈಕಲ್ಲಿನಲ್ಲಿ. ಜಗದಾಂಬಾ ಮನೆಗೆಲಸ ಮುಗಿಸಿ ಸೆರಗು ಸಿಕ್ಕಿಸಿ ಮುಂದಿನ ಕೋಣೆಗೆ ಹೋದಳು. ಮಿಕ್ಸರಿಗೆ ಮೈಕ್ ಹಾಕಿ, ಹೆಡ್‌ಫೋನ್ ಕಿವಿಗೇರಿಸಿ, ಪಿನ್ನನ್ನು ಮೆಲ್ಲಗೆ ತಿರುಗಿಸಿದಳು. ಹುಬ್ಬು ಗಂಟಾಯಿತು. ಕೆಂಗೇರಿಯಲ್ಲಿ ಅವಳಣ್ಣನದು ರೇಡಿಯೋ ರಿಪೇರಿ ಅಂಗಡಿ. ಹುಡುಗಿಯಾಗಿದ್ದಾಗ ಶಾಲೆ ಬಿಟ್ಟ ಮೇಲೆ ಅವಳು ಕೂರುತ್ತಿದ್ದದ್ದು ಅಲ್ಲೇ.

"ಅತ್ತೆ, ಸ್ವಲ್ಪ ಬನ್ನಿ. ಇದನ್ನ ಹಾಕ್ಕೊಳ್ಳಿ."

"ನಂಗ್ಯಾಕೆ ತಾಯಿ ಅದೆಲ್ಲ."

"ಹಾಕ್ಕೊಳ್ಳಿ ಅಂದ್ರೆ."

ಯಶೋದಮ್ಮ ತುರುಬು ಸರಿಮಾಡಿಕೊಂಡು ಹಾಕಿಕೊಂಡರು. ಹಿತ್ತಲಿನ ಕಾಗೆ, ಬೀದಿಯ ಸೊಪ್ಪಿನವಳು, ಎಲ್ಲರೂ ಕಿವಿಯೊಳಗೇ ಬಂದು ಕೂತಂತಾಯಿತು. "ಅಯ್ಯೋ ಶಿವನೇ, ಸೊಪ್ಪಿನವಳ ಬಳೆ ಸದ್ದೂ ಕೇಳ್ತದಲ್ಲೇ," ಅಂದರು. ಆಗ ಜಗದಾಂಬಾ ಪಿನ್ನು ಅಲ್ಲಾಡಿಸಿದಳು. ಕರ್ರ್, ಚಟ್. ಎಡಗಿವಿ ಸತ್ತೇಹೋಯಿತು.

ಜಗದಾಂಬಾ ಪಿನ್ನು ಎಳೆದು ಬೆಳಕಿಗೆ ಹಿಡಿದಳು. ಬುಡದಲ್ಲಿ ಹಸಿರು ಕಿಲುಬು. ಇನ್ನೊಂದು ಎಳೆದಳು, ಅದರಲ್ಲೂ ಕಿಲುಬು. ಸಾಕೆಟ್ಟಿನೊಳಕ್ಕೆ ಕಡ್ಡಿ ಹಾಕಿ ತೆಗೆದರೆ ತುದಿಯಲ್ಲಿ ಕೆಂಪು ಪುಡಿ. ಮೂಸಿ ನೋಡಿದಳು.

"ಹುಳಿ ಹುಳಿ ವಾಸನೆ ಬರ್ತಿದೆ ಅತ್ತೆ."

ಯಶೋದಮ್ಮ ಹೆಡ್‌ಫೋನ್ ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ನಾನೇ ಕಣೇ. ಹಬ್ಬಕ್ಕೆ ಅಂತ ಎಲ್ಲಾನೂ ಹುಣಸೆಹಣ್ಣು ಹಾಕಿ ತಿಕ್ದೆ. ಹಿತ್ತಾಳೆ ಅಲ್ವಾ ಅಂತ."

ಜಗದಾಂಬಾಳ ಭುಜ ಕುಲುಕಿತು. ಬಾಯಿಗೆ ಸೆರಗಿಟ್ಟುಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ಹುಣಸೆಹಣ್ಣು ನೀವು ಹಾಕಿದ್ರಿ, ಕುಂಕುಮ ಮಾವ ಹಾಕಿದ್ರು. ಒಗ್ಗರಣೆ ಒಂದು ಬಾಕಿ ಇತ್ತು, ಅದನ್ನ ಮೈಕೇ ಹಾಕ್ಕೊಳ್ತು."

ಯಶೋದಮ್ಮನವರಿಗೂ ನಗು ತಡೆಯಲಾಗಲಿಲ್ಲ. ಬೈಯಬೇಕಾದ ಕಡೆ ನಕ್ಕ ಆ ಹುಡುಗಿಯನ್ನು ನೋಡಿ ಮನಸ್ಸು ಹಗುರಾಯಿತು. "ಈಗ ಗತಿಯೇನೇ?"

"ಗತಿ ಏನಿಲ್ಲ, ಕೆಲಸ ಇದೆ. ಮೆಡಿಕಲ್ ಸ್ಟೋರಲ್ಲಿ ಸ್ಪಿರಿಟ್ ಕೊಡ್ತಾರೆ ನೋಡಿ, ಇಂಜೆಕ್ಷನ್ನಿಗೆ ಹಚ್ಚೋದು. ಅದು ಬೇಕು. ಹತ್ತಿ ಬೇಕು, ಪೆನ್ಸಿಲ್ ಅಳಿಸೋ ರಬ್ಬರ್ ಬೇಕು, ಬೆಂಕಿಕಡ್ಡಿ ಬೇಕು. ಮೊದಲು ಎಲ್ಲದರ ಪ್ಲಗ್ ಕಿತ್ತಿಡೋಣ. ಇಲ್ಲಾಂದ್ರೆ ನಾಳೆ ನಮಗೇ ಹೂವಿನ ಹಾರ."

ಯಶೋದಮ್ಮ ಸ್ವತಃ ಹೋಗಿ ಸ್ಪಿರಿಟ್ ತಂದರು. ಕೋಣೆಯ ತುಂಬ ಆಸ್ಪತ್ರೆಯ ಘಮಲು ಹರಡಿತು. ಜಗದಾಂಬಾ ರಬ್ಬರಿನಿಂದ ಪಿನ್ನಿನ ಕಿಲುಬು ಉಜ್ಜುವುದು, ಅತ್ತೆ ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ ಒಣಗಲು ಇಡುವುದು. ಸಾಕೆಟ್ಟಿಗೆ ಬೆಂಕಿಕಡ್ಡಿಗೆ ಬಿಗಿಯಾಗಿ ಸುತ್ತಿದ ಹತ್ತಿ.

"ಎಳೆ ಒಳಗೆ ಉಳೀಬಾರದು ಅತ್ತೆ. ತಿರುಗಿಸಿ ತಿರುಗಿಸಿ ತೆಗೀರಿ. ಆಮೇಲೆ ಪಿನ್ನು ಹಾಕಿ ತೆಗೆದು, ಹಾಕಿ ತೆಗೆದು ಮಾಡಿ, ಉಳಿದಿದ್ದೂ ಬಿಡುತ್ತೆ. ವೈರು ಹಿಡಿದು ಎಳೀಬೇಡಿ, ಪಿನ್ನಿನ ಕುತ್ತಿಗೆ ಹಿಡೀರಿ."

"ಕುತ್ತಿಗೆ ಹಿಡಿಯೋದು ನಂಗೆ ಹೇಳ್ಕೊಡ್ಬೇಡ, ನಾನು ಅತ್ತೆ," ಅಂದರು ಯಶೋದಮ್ಮ. ಇಬ್ಬರೂ ಮತ್ತೆ ನಕ್ಕರು.

ಆ ನಗುವಿನ ನಡುವೆಯೇ ಮುನಿರಾಮಯ್ಯ ಒಳಗೆ ಬಂದರು. ಹಿಂದೆಯೇ ಪುರುಷೋತ್ತಮ. ನೆಲದ ತುಂಬ ಹರಡಿದ್ದ ತಮ್ಮ ಮೂವತ್ತು ವರ್ಷದ ಸಾಮಾನನ್ನು ನೋಡಿ ಅವರ ಮುಖ ಕೆಂಪಾಯಿತು.

"ನನ್ ಸೆಟ್ಟು ಬಿಚ್ಚೋಕೆ ಯಾರ್ ಹೇಳಿದ್ದು?"

"ನಾನೇ ಮಾವ," ಅಂದಳು ಜಗದಾಂಬಾ ಎದ್ದು ನಿಂತು.

"ನಾಡಿದ್ದು ಮಾನ ಮರ್ಯಾದೆ ಪ್ರಶ್ನೆ. ಮಕ್ಕಳಾಟ ಆಡ್ತಿದೀರಾ ಇಲ್ಲಿ?"

"ಅವಳನ್ನ ಬೈಬೇಡಿ. ಕೆಡಿಸಿದ್ದು ನಾನು, ಸರಿ ಮಾಡ್ತಿರೋದು ಅವಳು," ಅಂದರು ಯಶೋದಮ್ಮ, ಮತ್ತು ಹುಣಸೆಹಣ್ಣಿನ ಕಥೆ ಪೂರ್ತಿ ಹೇಳಿಬಿಟ್ಟರು. ಪುರುಷೋತ್ತಮ ತಲೆಯ ಮೇಲೆ ಕೈ ಇಟ್ಟುಕೊಂಡ. "ಅಮ್ಮಾ, ಹೊಸ ಹೆಡ್‌ಫೋನಿಗೂನಾ?"

"ಅದಕ್ಕೆ ಇನ್ನೂ ಸ್ವಲ್ಪ ಜಾಸ್ತೀನೇ ತಿಕ್ದೆ ಕಣೋ. ಹೊಸದಲ್ವಾ."

ಮುನಿರಾಮಯ್ಯ ನಂಬಲಿಲ್ಲ. "ಎಲ್ಲಿ ಕರಕರ? ಕೇಳ್ಸು ನೋಡೋಣ."

ಜಗದಾಂಬಾ ಇನ್ನೂ ಒರೆಸದ ಒಂದು ವೈರನ್ನು ಹಾಕಿ ಹೆಡ್‌ಫೋನ್ ಕೊಟ್ಟಳು. ಅವರು ಅದನ್ನು ಮೊದಲ ಸಲ ಕಿವಿಗೇರಿಸಿದರು. ಅವಳು ಪಿನ್ನು ತಿರುಗಿಸಿದಳು. ಹೆಡ್‌ಫೋನಿನಿಂದ ಸೋರಿದ ಕರಕರ ಎರಡು ಮೊಳ ದೂರ ನಿಂತಿದ್ದ ಯಶೋದಮ್ಮನವರಿಗೂ ಕೇಳಿಸಿತು. ಮುನಿರಾಮಯ್ಯ ಮಾತ್ರ ಕಾಯುತ್ತಲೇ ಇದ್ದರು. "ಹೂಂ, ಅಲ್ಲಾಡ್ಸು," ಅಂದರು. ಅವಳು ಅಲ್ಲಾಡಿಸುತ್ತಲೇ ಇದ್ದಳು.

ಮುನಿರಾಮಯ್ಯ ಒಬ್ಬೊಬ್ಬರ ಮುಖವನ್ನೂ ನೋಡಿದರು. ನೋಡಿದ್ದೇ ಸಾಕಾಯಿತು.

"ಹೆಡ್‌ಫೋನೇ ಇನ್ನೂ ಸರಿಯಾಗಿಲ್ಲ ಮಾವ," ಅಂದಳು ಜಗದಾಂಬಾ ಮೆಲ್ಲಗೆ. "ಒರೆಸಿ ಒಣಗಿದ ಮೇಲೆ ಇನ್ನೊಂದ್ಸಲ ಕೇಳಿ."

ಮುನಿರಾಮಯ್ಯ ಅದನ್ನು ಜೋಪಾನವಾಗಿ ಅವಳ ಕೈಗೇ ಕೊಟ್ಟರು. ಅಂಗಳಕ್ಕೆ ಹೋಗಿ ಸೈಕಲ್ಲಿನ ಬೆಲ್ಲನ್ನು ಸುಮ್ಮನೆ ಒರೆಸುತ್ತಾ ಕೂತರು. ಬಿಚ್ಚಬೇಡ ಅಂತ ಮಾತ್ರ ಮತ್ತೆ ಹೇಳಲಿಲ್ಲ.

ಮಧ್ಯಾಹ್ನದಿಂದ ಪುರುಷೋತ್ತಮನೂ ಕೂತ. ಶನಿವಾರ ಸಂಜೆಯ ಹೊತ್ತಿಗೆ ಪ್ರತಿ ಪಿನ್ನೂ ಒಣಗಿ, ಪ್ರತಿ ವೈರೂ ಸಡಿಲವಾದ ಸುರುಳಿಯಾಗಿ, ತುದಿಗೊಂದು ಬಟ್ಟೆಯ ಟೊಪ್ಪಿ ಹಾಕಿಕೊಂಡು ಪೆಟ್ಟಿಗೆ ಸೇರಿತ್ತು. ಟೊಪ್ಪಿ ಹೊಲಿದವರು ಯಶೋದಮ್ಮ.

ಆಗ ಎದ್ದದ್ದು ಇನ್ನೊಂದು ಪ್ರಶ್ನೆ. ಭಾನುವಾರ ಸಂಜೆಯೇ ಬಾಪೂಜಿ ನಗರದಲ್ಲಿ ಇನ್ನೊಂದು ರಾಜ್ಯೋತ್ಸವ. ಹೋದ ಮಾನ ಅಲ್ಲೇ ಹುಡುಕಬೇಕೆಂದು ಪುರುಷೋತ್ತಮ ಹಟ ಹಿಡಿದು ಒಪ್ಪಿಕೊಂಡಿದ್ದ. ಅಲ್ಲಿಗೆ ಹಳೇ ಆಂಪ್ಲಿಫೈಯರ್ ಹೊತ್ತು ಅವನು ಹೋಗಲೇಬೇಕು.

"ಚಂದ್ರಾ ಲೇಔಟಲ್ಲಿ ಮಿಕ್ಸರ್ ಮುಂದೆ ಯಾರು ಕೂರೋದು?" ಅಂದರು ಯಶೋದಮ್ಮ.

"ಜಗದಾಂಬಾ," ಅಂದ ಮಗ.

"ಹೆಣ್ಣುಮಗಳು, ಅಷ್ಟು ಜನದ ಮಧ್ಯ, ಕಿವಿಗೆ ಡಬ್ಬಿ ಹಾಕ್ಕೊಂಡು?" ಮುನಿರಾಮಯ್ಯನವರ ಮಾತು ಅರ್ಧಕ್ಕೇ ನಿಂತಿತು. ಗೋಡೆಯ ಕಡೆ ತಿರುಗಿ ಅಂದರು, "ಸ್ವೆಟರ್ ತಗೊಂಡ್ ಬಾ ಅನ್ನು. ಮೈದಾನದಲ್ಲಿ ಗಾಳಿ ಜಾಸ್ತಿ."

ಜಗದಾಂಬಾ ಅತ್ತೆಯನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಅವರ ಎರಡೂ ಕೈ ಹಿಡಿದುಕೊಂಡಳು. ಅವಳ ಅಂಗೈ ಬಿಸಿಯಾಗಿತ್ತು.

ಭಾನುವಾರ ಸಂಜೆ ಮೈದಾನಕ್ಕೆ ಮೈದಾನವೇ ಹಳದಿ ಕೆಂಪು. ಕಡಲೆಕಾಯಿಯವರು, ಪೀಪಿಯವರು, ಅಪ್ಪಂದಿರ ಹೆಗಲೇರಿದ ಮಕ್ಕಳು. ವೇದಿಕೆಯ ಎದುರಿಗೆ, ಜನರ ನಡುವೆ ಒಂದು ಮೇಜು, ಅದರ ಮೇಲೆ ಮಿಕ್ಸರ್, ಅದರ ಹಿಂದೆ ನೀಲಿ ಸ್ವೆಟರ್ ಹಾಕಿಕೊಂಡ ಜಗದಾಂಬಾ. ತಲೆಯಲ್ಲಿ ಮಲ್ಲಿಗೆ, ಅದರ ಮೇಲೆ ಹೆಡ್‌ಫೋನ್. ಹೆಂಗಸರ ಕುರ್ಚಿಗಳ ಮೊದಲ ಸಾಲಿನಲ್ಲಿ ತೊಡೆಯ ಮೇಲೆ ಟಿಫಿನ್ ಕ್ಯಾರಿಯರ್ ಇಟ್ಟುಕೊಂಡು ಕೂತ ಯಶೋದಮ್ಮನವರಿಗೆ ಒಂದು ಕಣ್ಣು ಸೊಸೆಯ ಮೇಲೆ, ಇನ್ನೊಂದು ಮೂಲೆಯಲ್ಲಿ ನಿಂತ ರಾಜಾಜಿನಗರದ ವ್ಯಾನಿನ ಮೇಲೆ. ವ್ಯಾನಿನ ಹುಡುಗರು ಬಾನೆಟ್ಟಿನ ಮೇಲೆ ಕೂತು ಕಾಲು ಅಲ್ಲಾಡಿಸುತ್ತಾ ಕಾಯುತ್ತಿದ್ದರು.

ರೇವಣಸಿದ್ದಪ್ಪ ಶಾಲು ಹೊದ್ದು ಬಂದರು. "ಏನ್ ಮುನಿರಾಮಣ್ಣ, ಸೊಸೇನ ಕೂರಿಸಿಬಿಟ್ಟಿದೀರಾ?"

"ಕೂತಿರೋದು ಆಪರೇಟರ್ರು ಸಾರ್. ನೀವು ಸ್ವಲ್ಪ ಆ ಕಡೆ ಬನ್ನಿ, ವೈರು ತುಳೀತಿದೀರಾ."

ನಾಡಗೀತೆ ಆಯಿತು, ಅಧ್ಯಕ್ಷರ ಭಾಷಣ ಆಯಿತು, ಮಕ್ಕಳ ಕೋಲಾಟ ಆಯಿತು. ಸದ್ದು ತೊಳೆದ ಗಾಜಿನ ಹಾಗೆ. ಅಧ್ಯಕ್ಷರು ನುಂಗಿದ ಎಂಜಲೂ ಕೇಳಿಸಿತೆಂದು ಯಾರೋ ಹಿಂದಿನ ಸಾಲಿನಲ್ಲಿ ನಕ್ಕರು. ಆಮೇಲೆ ಆರ್ಕೆಸ್ಟ್ರಾದವರು ಹತ್ತಿದರು. ಮುಖ್ಯ ಗಾಯಕಿ ಎರಡನೇ ಮೈಕಿನ ಮುಂದೆ ನಿಂತು ಸೀರೆ ಸರಿಮಾಡಿಕೊಂಡರು. ವಾದ್ಯಗಳು ಎದ್ದವು.

ಆಗ ಜಗದಾಂಬಾ ಬೆಚ್ಚಿದ್ದನ್ನು ಯಶೋದಮ್ಮ ಕಂಡರು. ಯಾವುದೇ ಮೈಕನ್ನು ಜನಕ್ಕೆ ಬಿಡುವ ಮೊದಲು ಹೆಡ್‌ಫೋನಿನಲ್ಲಿ ಒಬ್ಬಳೇ ಕೇಳುವ ಗುಂಡಿ ಆ ಮಿಕ್ಸರಿನಲ್ಲಿತ್ತು. ಅವಳು ಅದನ್ನು ಒತ್ತಿದ್ದಳು. ಜನಕ್ಕೆ ಇನ್ನೂ ಕೇಳಿಸದ ಏನನ್ನೋ ಕೇಳಿದ್ದಳು. ಎಡಗೈ ಎತ್ತಿ ಎರಡು ಬೆರಳು ತೋರಿಸಿದಳು.

ವೇದಿಕೆಯ ಮೆಟ್ಟಿಲ ಹತ್ತಿರ ನಿಂತ ಮುನಿರಾಮಯ್ಯ ಅವಳನ್ನೇ ನೋಡುತ್ತಿದ್ದರು. ವೇದಿಕೆಯನ್ನಲ್ಲ, ಗಾಯಕಿಯನ್ನಲ್ಲ, ಸೊಸೆಯ ಕೈಯನ್ನು. ಬೆರಳು ಎದ್ದದ್ದೇ ತಡ, ಪಂಚೆ ಎತ್ತಿ ಕಟ್ಟಿ, ಆ ವಯಸ್ಸಿನಲ್ಲಿ ಎರಡೆರಡು ಮೆಟ್ಟಿಲು ಹಾರಿದರು. ಬಗ್ಗಿಕೊಂಡೇ ಡ್ರಮ್ಮಿನವನ ಕಾಲ ಕೆಳಗೆ ನುಸುಳಿದರು. ಎರಡನೇ ಮೈಕಿನ ಪಿನ್ನನ್ನು ಕುತ್ತಿಗೆ ಹಿಡಿದು ಎಳೆದರು. ಜೇಬಿನಿಂದ ಏನೋ ತೆಗೆದರು. ಯಶೋದಮ್ಮ ಕಣ್ಣು ಕಿರಿದು ಮಾಡಿ ನೋಡಿದರೆ, ಸ್ಪಿರಿಟ್ಟಿನ ಪುಟ್ಟ ಶೀಶೆ, ಹತ್ತಿ. ಅವನ್ನು ಜೇಬಿಗೆ ಹಾಕಿಕೊಳ್ಳಿ ಅಂತ ಮನೆಯಲ್ಲಿ ಯಾರೂ ಹೇಳಿರಲಿಲ್ಲ.

ಹಾಡಿಗೆ ಮುಂಚಿನ ವಾದ್ಯ ಮುಗಿಯುತ್ತಾ ಬಂತು. ಗಾಯಕಿ ಉಸಿರೆಳೆದುಕೊಂಡರು. ವ್ಯಾನಿನ ಹುಡುಗರು ಬಾನೆಟ್ಟಿನಿಂದ ಇಳಿದರು. ಮುನಿರಾಮಯ್ಯ ಒರೆಸಿದರು, ಊದಿದರು, ಮತ್ತೆ ಸಿಕ್ಕಿಸಿದರು, ಜಗದಾಂಬಾ ಕಡೆ ನೋಡಿದರು. ಅವಳು ತಲೆ ಅಲ್ಲಾಡಿಸಿದಳು, ಇಲ್ಲ. ಅವರು ಪಿನ್ನನ್ನು ಒಳಗೇ ಎರಡು ಸುತ್ತು ತಿರುಗಿಸಿ ಮತ್ತೆ ನೋಡಿದರು. ಅವಳು ಕಣ್ಣು ಮುಚ್ಚಿ ಕೇಳಿದಳು. ಆಮೇಲೆ ಹೆಬ್ಬೆರಳೆತ್ತಿ, ಇನ್ನೊಂದು ಕೈಯಿಂದ ಸದ್ದು ಏರಿಸುವ ಗುಬ್ಬಿಯನ್ನು ತಿರುಗಿಸಿದಳು.

ಹಾಡು ಮೈದಾನದ ತುಂಬ ಸುರಿಯಿತು. ಒಂದು ಚೂರು ಕರಕರ ಇಲ್ಲ. ಮುನಿರಾಮಯ್ಯ ಡ್ರಮ್ಮಿನ ಹಿಂದೆ ಕುಕ್ಕುರುಗಾಲಲ್ಲಿ ಕೂತವರು ಕೂತೇ ಇದ್ದರು. ಅವರಿಗೆ ಆ ಹಾಡಿನಲ್ಲಿ ಎಷ್ಟು ಕೇಳಿಸಿತೋ. ಜನ ಸಿಳ್ಳೆ ಹೊಡೆದದ್ದನ್ನು ಕಣ್ಣಿನಿಂದಲೇ ಕಂಡು ಅವರು ನಕ್ಕರು. ಯಶೋದಮ್ಮ ಪಕ್ಕದ ಕುರ್ಚಿಯ ಅಪರಿಚಿತ ಹೆಂಗಸಿನ ಮಂಡಿ ತಟ್ಟಿ, "ನಮ್ ಹುಡುಗಿ ಕಣ್ರೀ, ನಮ್ ಸೊಸೆ," ಅಂದರು. "ಯಾರು, ಹಾಡ್ತಿರೋರಾ?" ಅಂದಳು ಆಕೆ. "ಅಲ್ಲ, ಕೇಳ್ತಿರೋಳು."

ಎಂಟು ಹಾಡು ಕಳೆಯುವ ಹೊತ್ತಿಗೆ ರಾಜಾಜಿನಗರದ ವ್ಯಾನು ಮೆಲ್ಲಗೆ ಹಿಂದಕ್ಕೆ ತಿರುಗಿ ಹೊರಟುಹೋಯಿತು. ರೇವಣಸಿದ್ದಪ್ಪ ಕೈ ಬೀಸಿ ಅದನ್ನು ಕಳಿಸಿದ್ದನ್ನು ಯಶೋದಮ್ಮ ಕಣ್ಣಾರೆ ನೋಡಿದರು. ಆರ್ಕೆಸ್ಟ್ರಾ ಇನ್ನೂ ಬಿಸಿ ಏರುತ್ತಿತ್ತು. ಜಗದಾಂಬಾ ಮಧ್ಯಾಹ್ನದಿಂದ ನೀರೂ ಕುಡಿದಿರಲಿಲ್ಲ. ಎರಡೂ ಕೈ ಗುಬ್ಬಿಗಳ ಮೇಲಿದ್ದವು, ಏಳುವಂತಿರಲಿಲ್ಲ.

ಮುನಿರಾಮಯ್ಯ ವೇದಿಕೆಯಿಂದ ಇಳಿದು ಹೆಂಡತಿಯ ಹತ್ತಿರ ಬಂದು ಕೈ ಚಾಚಿದರು. ಹಸಿವಾಗಿರಬೇಕೆಂದು ಯಶೋದಮ್ಮ ಕ್ಯಾರಿಯರ್ ಕೊಟ್ಟರು. ಅವರು ಅದನ್ನು ಹಿಡಿದುಕೊಂಡು ಜನರ ನಡುವೆ ದಾರಿ ಮಾಡಿಕೊಂಡು ಮಿಕ್ಸರಿನ ಮೇಜಿನ ಬಳಿ ಹೋದರು. ಮೇಲಿನ ಡಬ್ಬಿ ಬಿಚ್ಚಿದರು. ಚಿತ್ರಾನ್ನ. ಸೊಸೆ ಗಾಬರಿಯಾಗಿ ಏಳಹೋದಳು. ಅವರು ಕೂರು ಎಂದು ಸನ್ನೆ ಮಾಡಿ, ಮೈಕಿನ ಪೆಟ್ಟಿಗೆಯನ್ನು ಕಾಲಿನಿಂದ ಎಳೆದುಕೊಂಡು ಪಕ್ಕದಲ್ಲಿ ಕೂತರು. ವೈರುಗಳ ಮೇಲೆ ಒಂದು ಅಗುಳೂ ಬೀಳದಂತೆ ಡಬ್ಬಿಯನ್ನು ಅವಳ ಬಲಗೈಗೆ ಎಟುಕುವ ಹಾಗೆ ಹಿಡಿದರು.